ಮೊದಲ ಸೇರು

ದಾದರ್, ಮುಂಬಯಿ
18 ಜನವರಿ 1943

ಅನುಗೊಂಡನಹಳ್ಳಿ ಶಾಲೆಯ ರಾಮಾಂಜಿನಪ್ಪ ಮಾಸ್ತರರಿಗೆ ಉಮಾ ಬಸ್ರೂರಳ ನಮಸ್ಕಾರ.

ಹೊಸಕೋಟೆ ಸಂತೆಯ ಬಗ್ಗೆ ನೀವು ಕಳಿಸಿದ ಮೊದಲ ವರದಿ ತಲುಪಿತು. ನಿಮ್ಮ ಹೆಸರು ಸೂಚಿಸಿದ ಶಾಲಾ ಇನ್ಸ್‌ಪೆಕ್ಟರರು, ಈ ಮೇಷ್ಟ್ರು ಬರೆಯುವುದರಲ್ಲಿ ಗಟ್ಟಿಗರು ಅಂದಿದ್ದರು. ನಿಜ, ಸ್ವಲ್ಪ ಹೆಚ್ಚೇ ನಿಜ. ರಾಗಿಯ ಧಾರಣೆ ಕೇಳಿದ್ದಕ್ಕೆ ನೀವು ರಾಗಿ ಬೆಳೆದವನ ಮಗಳ ಮದುವೆ, ಅವನ ಎತ್ತಿನ ಕುಂಟು, ಕೊಂಡವನ ಜಿಪುಣತನ ಎಲ್ಲವನ್ನೂ ಬರೆದಿದ್ದೀರಿ. ನಾನು ಓದಿ ನಕ್ಕೆ. ಆಮೇಲೆ ನಮ್ಮ ಪ್ರೊಫೆಸರರಿಗೆ ಅನುವಾದಿಸಿ ಹೇಳಿದೆ. ಅವರು ನಗಲಿಲ್ಲ.

ನಮ್ಮ ಸಂಸ್ಥೆಯ ಕೆಲಸ ಏನೆಂದು ಇನ್ನೊಮ್ಮೆ ಹೇಳುತ್ತೇನೆ. ರೈತ ಸಂತೆಗೆ ತಂದ ಧಾನ್ಯದಲ್ಲಿ ಎಷ್ಟಕ್ಕೆ ಅವನಿಗೆ ಬೆಲೆ ಸಿಗುತ್ತದೆ, ಎಷ್ಟು ನಡುವೆ ಸೋರಿಹೋಗುತ್ತದೆ ಎಂದು ತಿಳಿಯಬೇಕು. ಯುದ್ಧ ಬಂದು ಅಕ್ಕಿ ರಾಗಿಗೆ ಅಭಾವವಾಗಿರುವಾಗ ಇದು ಸರಕಾರಕ್ಕೂ ಬೇಕಾದ ವಿಷಯ. ಬೇರೆ ಬೇರೆ ಪ್ರಾಂತಗಳ ಸಂತೆಗಳಿಂದ ನಿಮ್ಮಂಥವರು ಬರೆಯುತ್ತಾರೆ. ಕನ್ನಡದಲ್ಲಿ ಬಂದದ್ದು ನನ್ನ ಮೇಜಿಗೆ ಬರುತ್ತದೆ.

ಆದ್ದರಿಂದ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರೆಯಿರಿ. ಅಳೆಯುವವನು ಬಾಯಲ್ಲಿ ಏನು ಹೇಳುತ್ತಾನೋ ಅದೇ ಮಾತನ್ನು ಹಾಗೇ ಬರೆಯಿರಿ. ವಿವರಣೆ ಬೇಡ. ಅರ್ಥ ಮಾಡಿಕೊಳ್ಳುವ ಕೆಲಸ ನಮ್ಮದು.

ಉಮಾ ಬಸ್ರೂರು


ಅನುಗೊಂಡನಹಳ್ಳಿ
9 ಫೆಬ್ರವರಿ 1943

ಕುಮಾರಿ ಉಮಾ ಅವರಿಗೆ,

ಅರ್ಥದ ಕೆಲಸ ನಿಮ್ಮದು ಅಂದಿರಿ. ಮಕ್ಕಳಿಗೆ ಅರ್ಥ ಹೇಳಿಯೇ ಇಷ್ಟು ವರ್ಷ ಸಂಬಳ ತಿಂದವನಿಗೆ ಇದು ಬಾಯಿಗೆ ಬೀಗ ಹಾಕಿದಂತೆ. ಆದರೂ ನೀವು ಹೇಳಿದ ಮೇಲೆ ಆಯಿತು. ಇನ್ನು ಮುಂದೆ ನಾನು ಎರಡು ಕಣ್ಣು, ಎರಡು ಕಿವಿ, ಒಂದು ಲೇಖನಿ. ತಲೆಯನ್ನು ಮನೆಯಲ್ಲಿ ಬಿಟ್ಟು ಸಂತೆಗೆ ಹೋಗುತ್ತೇನೆ.

ಹೋಗುವುದು ಪಿಳ್ಳಪ್ಪನ ಗಾಡಿಯಲ್ಲಿ. ಅವನು ನಮ್ಮೂರಿನವನೇ, ಹೊಸಕೋಟೆ ಸಂತೆಯಲ್ಲಿ ಧಾನ್ಯ ಅಳೆಯುತ್ತಾನೆ. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಮಾರುವವನಿಗೂ ಕೊಳ್ಳುವವನಿಗೂ ಪಿಳ್ಳಪ್ಪನ ಕೈ ಬಿದ್ದರೆ ನಂಬಿಕೆ. ನಾನು ಪಕ್ಕದಲ್ಲಿ ಕೂತು ಬರೆಯುವುದನ್ನು ಕಂಡು ಅವನಿಗೆ ನಗು. “ರಾಗಿ ಅಳೆಯೋದನ್ನ ಬರ್ಕೊಂಡ್ರೆ ರಾಗಿ ಜಾಸ್ತಿ ಆಯ್ತದಾ?” ಅಂತ ಸಂತೆಗೆಲ್ಲ ಕೇಳಿಸುವ ಹಾಗೆ ಕೇಳಿದ. ಇದು ವಿವರಣೆಯಲ್ಲ, ಕಿವಿಗೆ ಬಿದ್ದದ್ದು. ಹಾಗಾಗಿ ಬರೆದಿದ್ದೇನೆ.

ಈಗ ನಿಮ್ಮ ವರದಿ. ಜಡಿಗೇನಹಳ್ಳಿಯ ರೈತ ರಾಗಿ ಸುರಿದ. ಪಿಳ್ಳಪ್ಪ ಸೇರು ತುಂಬಿ, ಮೇಲೆ ಕೈ ಆಡಿಸಿ ಮಟ್ಟ ಮಾಡಿ, ಗೋಣಿಗೆ ಹಾಕುತ್ತ “ಲಾಭ” ಅಂದ. ಆಮೇಲೆ “ಎರಡು” ಅಂದ, “ಮೂರು” ಅಂದ. ಹೀಗೇ ನೂರು ಮುಟ್ಟಿದಾಗ ಒಂದು ಪಲ್ಲ ಅಂತ ಗೋಣಿಯ ಬಾಯಿ ಕಟ್ಟಿದರು. ಅಳೆದ ಕೂಲಿಗೆ ಅವನು ಒಂದು ಬೊಗಸೆ ರಾಗಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಧಾರಣೆಗಳು ಹಿಂದಿನ ಪುಟದಲ್ಲಿವೆ.

ನನ್ನ ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಹೆಂಡತಿ ಅಕ್ಕಯಮ್ಮ ತೀರಿಕೊಂಡ ಮೇಲೆ ಸಂಜೆಯ ಮುದ್ದೆ ಪಿಳ್ಳಪ್ಪನ ಮನೆಯಲ್ಲೇ. ಅವನ ಹೆಂಡತಿ ಸೊಣ್ಣಮ್ಮ ಕರೆಯುವುದೂ ಇಲ್ಲ, ನಾನು ಕೇಳುವುದೂ ಇಲ್ಲ. ತಟ್ಟೆ ಇಟ್ಟಿರುತ್ತದೆ. ಆ ಒಂದು ಹೊತ್ತು ಇಲ್ಲದಿದ್ದರೆ ನಾನು ಯಾವಾಗಲೋ ವರ್ಗ ಮಾಡಿಸಿಕೊಂಡು ಹೋಗಿಬಿಡುತ್ತಿದ್ದೆ.

ರಾಮಾಂಜಿನಪ್ಪ


ದಾದರ್
2 ಮಾರ್ಚ್ 1943

ಮಾಸ್ತರರಿಗೆ,

ವರದಿ ಎಂದರೆ ಹೀಗಿರಬೇಕು. ಪ್ರೊಫೆಸರರೇ ಎರಡು ಸಲ ಹೇಳಿಸಿಕೊಂಡರು. ನಿಮ್ಮ ಊಟದ ಭಾಗವನ್ನು ಮಾತ್ರ ಅವರಿಗೆ ಹೇಳಲಿಲ್ಲ, ನನಗಾಗಿ ಇಟ್ಟುಕೊಂಡೆ.

ಒಂದೇ ಒಂದು ಪ್ರಶ್ನೆ, ದಯವಿಟ್ಟು ಯೋಚಿಸಿ ಉತ್ತರಿಸಿ. ಪಿಳ್ಳಪ್ಪನವರು ಅಳೆಯುವಾಗ ಮೊದಲ ಸೇರಿಗೆ ‘ಲಾಭ’ ಅಂದರು ಎಂದು ಬರೆದಿದ್ದೀರಿ. ಇದು ಆ ದಿನ ಮಾತ್ರವೋ, ಪ್ರತಿ ಅಳತೆಯಲ್ಲೂ ಉಂಟೋ? ಬೇರೆ ಅಳೆಯುವವರೂ ಹೀಗೇ ಮಾಡುತ್ತಾರೋ? ರೈತರು ಇದಕ್ಕೆ ತಕರಾರು ತೆಗೆಯುವುದಿಲ್ಲವೇ?

ನಾನಿರುವುದು ಹೆಂಗಸರ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಅಮ್ಮ ಇರುವವರೆಗೆ ಮನೆಯಲ್ಲಿ ಕನ್ನಡವಿತ್ತು. ಈಗ ಇಡೀ ದಿನ ಇಂಗ್ಲಿಷ್, ಮರಾಠಿ. ತಿಂಗಳಿಗೊಮ್ಮೆ ನಿಮ್ಮ ಕಾಗದ ಬಂದಾಗ ಬಾಗಿಲು ಹಾಕಿಕೊಂಡು ಜೋರಾಗಿ ಓದುತ್ತೇನೆ, ಕನ್ನಡ ಕಿವಿಗೆ ಬೀಳಲಿ ಎಂದು. ಪಕ್ಕದ ಕೋಣೆಯವಳು ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾಳೆ.

ಉಮಾ


ಅನುಗೊಂಡನಹಳ್ಳಿ
27 ಮಾರ್ಚ್ 1943

ಉಮಮ್ಮನವರಿಗೆ,

ನಮ್ಮ ಕಡೆ ಬರಿಯ ಉಮಾ ಅಂದರೆ ಕೂಸನ್ನು ಕರೆದಂತೆ. ಅದಕ್ಕೇ ಒಂದು ಅಮ್ಮ ಸೇರಿಸಿದ್ದೇನೆ, ಬೇಸರ ಬೇಡ.

ನಿಮ್ಮ ಪ್ರಶ್ನೆ ಓದಿ ಪಿಳ್ಳಪ್ಪನಿಗೂ ಹೇಳಿದೆ. ಬೊಂಬಾಯಿಯವರಿಗೆ ಇದೂ ಒಂದು ವಿಶೇಷವಾ ಅಂತ ಆಶ್ಚರ್ಯಪಟ್ಟ. ಉತ್ತರ ಹೀಗಿದೆ. ಲಾಭ ಪ್ರತಿ ಅಳತೆಯಲ್ಲೂ ಉಂಟು. ಲಾಭವಿಲ್ಲದೆ ಅಳತೆ ಶುರುವೇ ಆಗುವುದಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ, ನಮ್ಮ ತಾತಂದಿರ ಕಾಲದಿಂದ ನಡೆದು ಬಂದದ್ದು. ರೈತರ ತಕರಾರು ಎಲ್ಲಿಂದ ಬಂತು? ಅಳೆಯುವವನು ಲಾಭ ಬಿಟ್ಟರೆ ರೈತನೇ ಜಗಳಕ್ಕೆ ಬರುತ್ತಾನೆ.

ಇದಕ್ಕೆ ವಿವರಣೆ ಸೇರಿಸೋಣ ಅಂತ ಲೇಖನಿ ತೆಗೆದೆ. ನೀವು ಬೈದದ್ದು ನೆನಪಾಗಿ ಮಡಗಿದೆ. ನೋಡಿ, ಎಷ್ಟು ವಿಧೇಯನಾಗಿದ್ದೇನೆ.

ನೀವು ಜೋರಾಗಿ ಓದುತ್ತೀರಿ ಅಂತ ತಿಳಿದ ಮೇಲೆ ಬರೆಯಲು ಸ್ವಲ್ಪ ನಾಚಿಕೆ. ಅಕ್ಷರ ದುಂಡಗೆ ಬರೆಯಲು ಪ್ರಯತ್ನಿಸಿದ್ದೇನೆ.

ರಾಮಾಂಜಿನಪ್ಪ


ದಾದರ್
4 ಸೆಪ್ಟೆಂಬರ್ 1943

ಪ್ರಿಯ ಮಾಸ್ತರರೇ,

ಇವತ್ತು ನಾನು ಟ್ರಾಮಿನಲ್ಲಿ ಒಬ್ಬಳೇ ನಗುತ್ತ ಬಂದೆ. ನಿಮ್ಮ ಸಂತೆಯ ಬಗ್ಗೆ ನಾನು ಬರೆದ ಲೇಖನ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಗಿದೆ. ಸರಕಾರದ ಆಹಾರ ಸಮಿತಿಯವರು ಅದನ್ನು ತರಿಸಿಕೊಂಡು ಓದಿದರಂತೆ. ಮೈಸೂರು ಸಂಸ್ಥಾನಕ್ಕೂ ಒಂದು ಪ್ರತಿ ಹೋಗಿದೆಯಂತೆ. ಇಷ್ಟು ದಿನ ನನ್ನನ್ನು ‘ಮಿಸ್’ ಎಂದಷ್ಟೇ ಕರೆಯುತ್ತಿದ್ದ ಪ್ರೊಫೆಸರರು ಎಲ್ಲರೆದುರು ನನ್ನ ಹೆಸರು ಹೇಳಿದರು. ಮುಂದಿನ ವರ್ಷ ಕಾಯಂ ಆಗುವ ಮಾತೂ ಇದೆ.

ಇದೆಲ್ಲ ನೀವು ಕೊಟ್ಟ ಒಂದು ಸಂಗತಿಯಿಂದ ಆದದ್ದು. ಲೇಖನ ಇಂಗ್ಲಿಷಿನಲ್ಲಿರುವುದರಿಂದ ನಿಮಗೆ ಕಳಿಸಿಲ್ಲ. ಯಾವಾಗಲಾದರೂ ಕನ್ನಡದಲ್ಲಿ ಬರೆದು ಕಳಿಸುವೆ. ‘ಅಲ್ಲಿಯ ಒಬ್ಬ ವರದಿಗಾರ’ ಎಂದು ನಿಮ್ಮನ್ನು ಉಲ್ಲೇಖಿಸಿದ್ದೇನೆ. ಹೆಸರು ಹಾಕುವ ಪದ್ಧತಿ ಇಲ್ಲಿಲ್ಲ.

ಸಂತೋಷದ ಸುದ್ದಿ ಹೇಳಲು ಯಾರಿದ್ದಾರೆ ಎಂದು ಯೋಚಿಸಿದೆ. ಅಣ್ಣ ಕರಾಚಿಯಲ್ಲಿದ್ದಾನೆ, ಅವನಿಗೆ ಇದೆಲ್ಲ ಬೇಡ. ಕೊನೆಗೆ ನಿಮಗೇ ಬರೆಯಲು ಕೂತೆ.

ಉಮಾ


ಅನುಗೊಂಡನಹಳ್ಳಿ
12 ಡಿಸೆಂಬರ್ 1943

ಉಮಾ ಅವರಿಗೆ,

ನವೆಂಬರ್ ಧಾರಣೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಹುರುಳಿ ಬಂದಿಲ್ಲ. ಅವರೆ ಹೇರಳವಾಗಿದೆ. ಅಳತೆಗೆ ಕಚೇರಿಯವರು ಹೊಸ ಏರ್ಪಾಟು ಮಾಡಿದ್ದಾರೆ. ಪಿಳ್ಳಪ್ಪ ಈಗ ಸಂತೆಯಲ್ಲಿ ಅಳೆಯುತ್ತಿಲ್ಲ.

ನಿಮ್ಮ ಲೇಖನಕ್ಕೆ ಒಳ್ಳೆಯ ಹೆಸರು ಬಂದದ್ದು ಸಂತೋಷ. ಅದರಲ್ಲಿ ನಾನು ಕೊಟ್ಟ ಸಂಗತಿ ಯಾವುದೆಂದು ನೀವು ಬರೆಯಲಿಲ್ಲ.

ರಾಮಾಂಜಿನಪ್ಪ


ದಾದರ್
5 ಜನವರಿ 1944

ಮಾಸ್ತರರೇ,

ನಿಮ್ಮ ಸಿಟ್ಟು ನನಗೆ ಅರ್ಥವಾಯಿತು. ಎಷ್ಟು ಚಿಕ್ಕ ಕಾಗದ, ಒಂದು ತಮಾಷೆಯೂ ಇಲ್ಲ. ನಾನು ಮತ್ತೆ ಬರಿಯ ‘ಉಮಾ ಅವರು’ ಆಗಿಬಿಟ್ಟೆ. ಹೆಸರು ಬಿಟ್ಟದ್ದು ತಪ್ಪು. ಕೆಲಸ ನಿಮ್ಮದು, ಕೀರ್ತಿ ನನ್ನದು ಎಂದಾದರೆ ಯಾರಿಗಾದರೂ ನೋವಾಗುತ್ತದೆ.

ಲೇಖನವನ್ನು ಪುಸ್ತಕ ಮಾಡುತ್ತಿದ್ದಾರೆ. ಪ್ರೊಫೆಸರರ ಜೊತೆ ವಾದ ಮಾಡಿ ಗೆದ್ದಿದ್ದೇನೆ. ಅದರಲ್ಲಿ ನಿಮ್ಮ ಪೂರ್ತಿ ಹೆಸರು, ಊರು, ಶಾಲೆ, ಎಲ್ಲವೂ ಇರುತ್ತದೆ. ಇನ್ನಾದರೂ ಮುನಿಸು ಬಿಡಿ.

ಪಿಳ್ಳಪ್ಪನವರಿಗೆ ವಯಸ್ಸಾಯಿತೇ? ಬಿಡುವಾಗಿ ಮನೆಯಲ್ಲಿರುವುದೂ ಒಳ್ಳೆಯದೇ.

ಉಮಾ


ದಾದರ್
29 ಏಪ್ರಿಲ್ 1944

ಮಾಸ್ತರರಿಗೆ,

ಪುಸ್ತಕ ಮಾರ್ಚಿನಲ್ಲೇ ಬಂತು. ನಿಮಗೊಂದು ಪ್ರತಿ ಕಳಿಸಿದೆ. ಹೊಸಕೋಟೆಯ ಅಮಲ್ದಾರರ ಕಚೇರಿಗೂ ಒಂದು ಕಳಿಸಿ, ಇಂಥ ಮೇಷ್ಟ್ರು ನಿಮ್ಮ ತಾಲ್ಲೂಕಿನಲ್ಲಿದ್ದಾರೆ, ಅವರನ್ನು ಗೌರವಿಸಬೇಕು ಎಂದು ನನ್ನ ಕೈಯಾರೆ ಕಾಗದ ಬರೆದಿದ್ದೇನೆ. ನಾಲ್ಕು ತಿಂಗಳಿಂದ ನಿಮ್ಮಿಂದ ವರದಿಯೂ ಇಲ್ಲ, ಉತ್ತರವೂ ಇಲ್ಲ.

ಈ ತಿಂಗಳು ಇಲ್ಲಿ ಬಂದರಿನಲ್ಲಿ ಮದ್ದಿನ ಹಡಗು ಸಿಡಿಯಿತು. ಪತ್ರಿಕೆಯಲ್ಲಿ ಓದಿರಬಹುದು. ನಮ್ಮ ಕಿಟಕಿಗಳು ಅದುರಿದವು. ಆಮೇಲೆ ಹಾಸ್ಟೆಲಿನ ಹುಡುಗಿಯರಿಗೆಲ್ಲ ಅವರವರ ಊರಿಂದ ತಂತಿ ಬಂತು, ಕ್ಷೇಮವೇ ಎಂದು. ಅಂಚೆಯವನು ಬಂದಾಗಲೆಲ್ಲ ನಾನೂ ಕೆಳಗಿಳಿದು ಹೋದೆ. ನನ್ನ ಹೆಸರು ಕೂಗಲಿಲ್ಲ. ಅಣ್ಣನ ತಂತಿಗಾಗಿ ಕಾದೆ ಎಂದು ಅವರಿಗೆ ಹೇಳಿದೆ. ಸುಳ್ಳು. ನಿಮ್ಮ ಕಾಗದಕ್ಕೆ ಕಾದೆ.

ನಾನು ಏನು ತಪ್ಪು ಮಾಡಿದ್ದೇನೆ ಎಂದು ಹೇಳಿ.

ಉಮಾ


ಅನುಗೊಂಡನಹಳ್ಳಿ
20 ಮೇ 1944

ಉಮಮ್ಮ,

ಹಡಗಿನ ವಿಷಯ ನನಗೆ ತಿಳಿದಿರಲಿಲ್ಲ. ನಮ್ಮೂರಿಗೆ ಬರುವ ಪತ್ರಿಕೆ ಪಿಳ್ಳಪ್ಪನ ಮನೆಯ ಜಗಲಿಗೆ ಬರುತ್ತದೆ. ನಾನು ಅಲ್ಲಿಗೆ ಹೋಗುವುದು ನಿಂತಿದೆ. ನೀವು ಕ್ಷೇಮವೆಂದು ಓದಿ ಸಮಾಧಾನವಾಯಿತು. ಈಗ ನಿಮ್ಮ ಪ್ರಶ್ನೆಗೆ ಉತ್ತರ. ಈ ಸಲ ವಿವರಣೆ ಬೇಡ ಅನ್ನಬೇಡಿ.

ಲಾಭ ಎಂದರೆ ಒಂದು. ಇಷ್ಟೇ. ಧಾನ್ಯ ಅಳೆಯುವಾಗ ಮೊದಲ ಸೇರಿಗೆ ನಾವು ಒಂದು ಅನ್ನುವುದಿಲ್ಲ, ಒಂಟಿ ಮಾತು ಬೇಡ, ಶುಭವಾಗಲಿ ಅಂತ ಲಾಭ ಅನ್ನುತ್ತೇವೆ. ಆ ಸೇರು ಯಾರ ಲಾಭಕ್ಕೂ ಹೋಗುವುದಿಲ್ಲ. ಅದೂ ಗೋಣಿಗೇ ಬೀಳುತ್ತದೆ, ಅದಕ್ಕೂ ರೈತನಿಗೆ ಬೆಲೆ ಸಿಗುತ್ತದೆ. ನಮ್ಮ ಕಡೆಯ ಕೂಸಿಗೂ ಇದು ಗೊತ್ತು. ನಿಮಗೆ ಗೊತ್ತಿಲ್ಲದೆ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನೀವು ಕನ್ನಡ ಇಷ್ಟು ಚೆನ್ನಾಗಿ ಬರೆಯುತ್ತೀರಲ್ಲ.

ಕಾರ್ತಿಕದಲ್ಲಿ ಕಂದಾಯ ಇಲಾಖೆಯ ಶೇಕ್‌ದಾರರು ಸಂತೆಗೆ ಬಂದು ತಮಟೆ ಹೊಡೆಸಿ ಒಂದು ಹುಕುಂ ಓದಿಸಿದರು. ಇಂಗ್ಲಿಷಿನಲ್ಲಿ ಬಂದದ್ದನ್ನು ಯಾವನೋ ಗುಮಾಸ್ತೆ ಕನ್ನಡ ಮಾಡಿದ್ದ. ‘ರೈತನ ಧಾನ್ಯದ ಪ್ರಥಮ ಸೇರನ್ನು ವರ್ತಕರ ಆದಾಯಕ್ಕಾಗಿ ಅಪಹರಿಸುವ ದುಷ್ಟ ಪದ್ಧತಿ’ ಅಂತ ಇತ್ತು. ನಾನೂ ಪಿಳ್ಳಪ್ಪನೂ ಪಕ್ಕಪಕ್ಕದಲ್ಲೇ ನಿಂತು ಕೇಳಿದೆವು. ಇಂಥ ಕಳ್ಳರು ಯಾವೂರಲ್ಲಿ ಇದ್ದಾರೋ ಅಂತ ಅವನು ನಕ್ಕ. ಆಮೇಲೆ ಓದಿದರು, ಇನ್ನು ಮುಂದೆ ಹಳೆಯ ಅಳತೆಯವರು ಸೇರು ಮುಟ್ಟಕೂಡದು ಅಂತ.

ಮೊದಲು ಯಾರೂ ನಂಬಲಿಲ್ಲ. ಆದರೆ ಹುಕುಂ ಅಚ್ಚಾಗಿತ್ತು, ಅದಕ್ಕೆ ಮೊಹರಿತ್ತು. ಎರಡು ಸಂತೆ ಕಳೆಯುವುದರಲ್ಲಿ ಜನ ಗುಸುಗುಸು ಶುರು ಮಾಡಿದರು. ಲಾಭ ಎಂದರೆ ಒಂದು ಅಂತ ಹುಟ್ಟಿದಾಗಿನಿಂದ ತಿಳಿದವರೇ, ಸುಮ್ಮನೆ ಸರಕಾರ ಬರೆಯುತ್ತದಾ, ಇಷ್ಟು ವರ್ಷ ನಮ್ಮ ಒಂದು ಸೇರು ಎಲ್ಲಿಗೆ ಹೋಯಿತು ಅಂತ ಪಿಳ್ಳಪ್ಪನ ಕಡೆ ನೋಡಿದರು. ನಿಮ್ಮ ಸಂಸ್ಥೆಯವರು ಇದನ್ನೂ ಸಂಶೋಧನೆ ಮಾಡಬಹುದು. ತನ್ನ ಕಿವಿಯಲ್ಲಿ ಕೇಳಿದ್ದನ್ನು ಬಿಟ್ಟು ಜನ ಅಚ್ಚಿನ ಅಕ್ಷರವನ್ನು ಯಾಕೆ ನಂಬುತ್ತಾರೆ?

ನನಗೆ ಅನುಮಾನ ಹುಟ್ಟಿದ್ದು ಆಗಲೇ. ಒಂದು ಸಂಗತಿ ಅಂತ ನೀವು ಬರೆದಿದ್ದಿರಿ. ನಿಮ್ಮನ್ನು ನೇರವಾಗಿ ಕೇಳಬಹುದಿತ್ತು. ಕೇಳಿದರೆ ಹೌದು ಅನ್ನುತ್ತೀರಿ, ಆಮೇಲೆ ಅದನ್ನು ಪಿಳ್ಳಪ್ಪನಿಗೆ ಹೇಳಬೇಕಾಗುತ್ತದೆ ಅಂತ ಹೆದರಿದೆ. ಹೆದರಿಕೊಂಡೇ ಚಳಿಗಾಲವೆಲ್ಲ ಅವನ ಮನೆಯಲ್ಲಿ ಉಂಡೆ. ಅವನು ಇದನ್ನು ಹಚ್ಚಿದವನು ಯಾವನೋ ಅಂತ ದಿನಾ ಬೈಯುತ್ತಿದ್ದ. ನಾನು ಮುದ್ದೆ ಮುರಿಯುತ್ತ ಕೂತಿರುತ್ತಿದ್ದೆ.

ಯುಗಾದಿ ಕಳೆದ ಮೇಲೆ ನಿಮ್ಮ ಪುಸ್ತಕ ಕಚೇರಿಗೆ ಬಂತು. ನನಗೆ ಶಾಲು ಹೊದಿಸಬೇಕೆಂದು ಅಮಲ್ದಾರರು ಊರವರನ್ನೆಲ್ಲ ಸೇರಿಸಿ, ನನ್ನ ಹೆಸರು ಇರುವ ಪುಟ ಓದಿಸಿ, ಮೊದಲ ಸೇರಿನ ಕಳವು ಹೊರಗೆ ಬಂದದ್ದು ಈ ಮೇಷ್ಟ್ರ ವರದಿಯಿಂದಲೇ ಅಂತ ಅದರ ತಾತ್ಪರ್ಯ ಹೇಳಿಸಿದರು. ಪಿಳ್ಳಪ್ಪ ಮುಂದಿನ ಸಾಲಿನಲ್ಲಿದ್ದ, ನನ್ನ ಸನ್ಮಾನ ನೋಡಬೇಕೆಂದು ಒಗೆದ ಪಂಚೆ ಉಟ್ಟು ಬಂದಿದ್ದ.

ಮನೆಗೆ ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೇಳಿದ: “ನಾನ್ ಕಳ್ಳ ಅಂತ ನಿಂಗ್ ಅನ್ಸಿದ್ರೆ ನನ್ನೇ ಕೇಳ್ಬೋದಿತ್ತಲ್ಲ. ಬೊಂಬಾಯಿಗ್ ಬರೀಬೇಕಿತ್ತಾ?” ನಾನು ಏನೇನೋ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ನಾನು ಗಾಡಿ ಇಳಿದು ನಡೆದುಕೊಂಡು ಬಂದೆ.

ನಿಮ್ಮ ಮೇಲೆ ಕೋಪವಿತ್ತು. ಈ ಕಾಗದ ಬರೆಯುತ್ತ ಅರ್ಧ ಇಳಿದಿದೆ. ಮಿಕ್ಕದ್ದು ನನ್ನ ಮೇಲೆಯೇ.

ರಾಮಾಂಜಿನಪ್ಪ


ದಾದರ್
3 ಜೂನ್ 1944

ಮೇಷ್ಟ್ರೇ,

ನಿಮ್ಮ ಕಾಗದವನ್ನು ಈ ಸಲ ಜೋರಾಗಿ ಓದಲು ಆಗಲಿಲ್ಲ.

ಲಾಭ ಎಂಬ ಶಬ್ದ ನನಗೆ ಗೊತ್ತು ಎಂದುಕೊಂಡಿದ್ದೆ. ಅಮ್ಮ ಕಲಿಸಿದ ಕನ್ನಡದಲ್ಲಿ, ನಾನು ಓದಿದ ಪುಸ್ತಕಗಳಲ್ಲಿ ಸಂತೆ ಇರಲಿಲ್ಲ. ನೀವು ವಿವರಿಸಲು ಹೊರಟಾಗ ಬಾಯಿ ಮುಚ್ಚಿಸಿದವಳೂ ನಾನೇ. ಕ್ಷಮಿಸಿ ಎಂದು ಬರೆಯುವುದು ಸುಲಭ, ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಪ್ರೊಫೆಸರರಿಗೆ ಎಲ್ಲವನ್ನೂ ಹೇಳಿದೆ. ಅವರು ಪೈಪಿಗೆ ತಂಬಾಕು ತುಂಬಿಕೊಂಡರು. ಸಂತೆಗಳಲ್ಲಿ ಶೋಷಣೆ ಇರುವುದಂತೂ ನಿಜ, ಒಂದು ಉದಾಹರಣೆ ಸಡಿಲವಾದರೆ ವಾದವೇನೂ ಬೀಳುವುದಿಲ್ಲ, ಮುಂದಿನ ಮುದ್ರಣದಲ್ಲಿ ಅಡಿಟಿಪ್ಪಣಿ ಹಾಕೋಣ ಅಂದರು. ಅಡಿಟಿಪ್ಪಣಿಯಿಂದ ಪಿಳ್ಳಪ್ಪನವರ ಕೈಗೆ ಸೇರು ಬರುತ್ತದೆಯೇ ಎಂದು ಕೇಳಿದೆ. ಅವರಿಗೆ ಪಿಳ್ಳಪ್ಪ ಯಾರೆಂದು ನೆನಪಿರಲಿಲ್ಲ.

ಆಹಾರ ಸಮಿತಿಗೂ ಮೈಸೂರು ಸರಕಾರಕ್ಕೂ ನಿಮ್ಮ ಅಮಲ್ದಾರರಿಗೂ ನಾನೇ ಬರೆದಿದ್ದೇನೆ: ತಪ್ಪು ನನ್ನದು, ಆ ಸಂತೆಯಲ್ಲಿ ಮೊದಲ ಸೇರನ್ನು ಯಾರೂ ಕದಿಯುತ್ತಿಲ್ಲ ಎಂದು. ಅಮಲ್ದಾರರಿಗೆ ಬರೆದದ್ದು ಕನ್ನಡದಲ್ಲಿ.

ಹುಕುಂ ರದ್ದಾದರೆ ತಿಳಿಸಿ. ನಾನು ಅಲ್ಲಿಗೆ ಬಂದು ಪಿಳ್ಳಪ್ಪನವರ ಮುಂದೆ ನಿಂತು ಹೇಳಬೇಕು. ಕ್ಷಮಿಸಿ.

ಉಮಾ


ಅನುಗೊಂಡನಹಳ್ಳಿ
16 ಸೆಪ್ಟೆಂಬರ್ 1944

ಉಮಮ್ಮ,

ಹುಕುಂ ರದ್ದಾಯಿತು. ನಿಮ್ಮ ಕನ್ನಡ ಕಾಗದ ಓದಿ ಅಮಲ್ದಾರರು ಹಣೆ ಚಚ್ಚಿಕೊಂಡರಂತೆ. ಅವರ ಮನೆಯಲ್ಲೂ ಅವರ ತಾಯಿ ಲಾಭ, ಎರಡು, ಮೂರು ಅಂತಲೇ ಅಕ್ಕಿ ಅಳೆದು ಹಾಕುತ್ತಾರಂತೆ. ಇಂಗ್ಲಿಷಿನಿಂದ ಇಳಿದು ಬಂದಾಗ ಅದೇ ಮಾತು ಅಂತ ಯಾರಿಗೂ ಗುರುತು ಸಿಕ್ಕಲಿಲ್ಲ. ಮತ್ತೆ ತಮಟೆ ಹೊಡೆಸಿದರು. ಈ ಸಲ ಜನ ಅಷ್ಟಾಗಿ ನಿಂತು ಕೇಳಲಿಲ್ಲ.

ಪಿಳ್ಳಪ್ಪ ಮತ್ತೆ ಅಳೆಯುತ್ತಿದ್ದಾನೆ. ಅನುಮಾನವಿದ್ದೂ ಚಳಿಗಾಲವೆಲ್ಲ ಬಾಯಿ ಬಿಡದೆ ಇದ್ದದ್ದನ್ನು ಅವನಿಗೆ ಹೇಳಿಬಿಟ್ಟೆ, ನೀವು ಬರುವ ವಿಷಯವನ್ನೂ ತಿಳಿಸಿದ್ದೇನೆ. ಬರಲಿ ಅಂದ. ಪೆಟ್ರೋಲಿಲ್ಲದೆ ಇದ್ದಲಿನಲ್ಲಿ ಓಡುವ ಬಸ್ಸು ಹೊಸಕೋಟೆವರೆಗೆ ಬರುತ್ತದೆ, ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಬೆಳಗ್ಗೆಯೇ ಹತ್ತಿ. ನಾನು ಬಸ್ಸಿನ ಹತ್ತಿರ ಇರುತ್ತೇನೆ. ತಲೆಗೆ ಬಿಳಿ ರುಮಾಲು, ಕೈಯಲ್ಲಿ ಛತ್ರಿ. ಹಾಗೆ ಇರುವವರು ಬಹಳ ಜನ. ಅವರಲ್ಲಿ ಗಾಬರಿಯಾಗಿರುವವನು ನಾನು.

ರಾಮಾಂಜಿನಪ್ಪ


ದಾದರ್
8 ನವೆಂಬರ್ 1944

ಪ್ರೀತಿಯ ಮೇಷ್ಟ್ರಿಗೆ,

ಸಿಪಾಯಿಗಳಿಂದ ತುಂಬಿದ ರೈಲಿನಲ್ಲಿ ಬಾಗಿಲ ಬಳಿ ನನ್ನ ಪೆಟ್ಟಿಗೆಯ ಮೇಲೆಯೇ ಕೂತು ಬಂದೆ. ಆದರೂ ಮನಸ್ಸು ಹಗುರ. ಎಷ್ಟೋ ತಿಂಗಳ ಮೇಲೆ ಸರಿಯಾಗಿ ನಿದ್ದೆ ಮಾಡಿದ್ದೇನೆ.

ನಿಮ್ಮ ಊರು ನನಗೆ ನಿಮ್ಮ ಕಾಗದಗಳಿಂದಲೇ ಗೊತ್ತಿತ್ತು. ಪಿಳ್ಳಪ್ಪನವರು ಮಾತ್ರ ನಾನೆಣಿಸಿದ್ದಕ್ಕಿಂತ ಕುಳ್ಳಗಿದ್ದಾರೆ. ನಾನು ಕಲಿತು ಬಂದ ಮಾತೆಲ್ಲ ಅವರ ಮುಂದೆ ಮರೆತುಹೋಯಿತು, ಅತ್ತುಬಿಟ್ಟೆ. ಅವರು “ಬುಡವ್ವ, ನಿಂಗೇನ್ ಗೊತ್ತಿತ್ತು” ಅಂದರು. ಅಷ್ಟೇ. ಬೈಗುಳಕ್ಕೆ ಸಿದ್ಧಳಾಗಿ ಬಂದವಳಿಗೆ ಸೊಣ್ಣಮ್ಮ ಅವರೆಕಾಳು ಸಾರು ಬಡಿಸಿದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿಸಿ, ನಾನು ಕೆಮ್ಮಿದಾಗ ಬೆನ್ನು ನೀವಿದರು. ಅಮ್ಮ ಹೋದ ಮೇಲೆ ನನ್ನ ಬೆನ್ನು ಯಾರೂ ನೀವಿರಲಿಲ್ಲ.

ಸಂತೆಯಲ್ಲಿ ಪಿಳ್ಳಪ್ಪನವರು ಅಳೆಯುವುದನ್ನೂ ನೋಡಿದೆ. ಈಗ ಅವರು ಸ್ಪಷ್ಟವಾಗಿ ‘ಒಂದು, ಎರಡು’ ಎಂದೇ ಎಣಿಸುತ್ತಾರೆ. ಒಬ್ಬ ಮುದುಕ ಲಾಭ ಅನ್ನಪ್ಪ ಎಂದು ಕೇಳಿಕೊಂಡರೂ ಅನ್ನಲಿಲ್ಲ. ಇನ್ನು ಯಾರಿಗೂ ಗೊಂದಲವಾಗದು. ಅದೂ ಒಳ್ಳೆಯದೇ ಆಯಿತು.

ಎಲ್ಲಕ್ಕಿಂತ ಸಂತೋಷವಾದದ್ದು ನಿಮ್ಮಿಬ್ಬರನ್ನು ಒಟ್ಟಿಗೆ ನೋಡಿ. ನೀವು ಒಳಗೆ ಬಂದಾಗ ಅವರು ಎದ್ದು ನಿಂತು, “ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ” ಅಂದರು. ಎಷ್ಟು ಗೌರವ! ಈಗ ನಿಮ್ಮ ಸಂಜೆಯ ಊಟ ಮತ್ತೆ ಅಲ್ಲೇ ಆಗುತ್ತಿದೆ ತಾನೇ? ಹೌದು ಎಂದು ಒಂದು ಸಾಲು ಬರೆಯಿರಿ, ಅಷ್ಟು ಸಾಕು ನನಗೆ.

ನಿಮಗೆ ಹೇಳದೆ ಇಟ್ಟ ವಿಷಯ ಒಂದಿದೆ. ಜೂನಿನಲ್ಲೇ ಸಂಸ್ಥೆಯವರು ನನ್ನನ್ನು ಬಿಡಿಸಿದರು. ಈಗ ರೇಷನ್ ಕಚೇರಿಯಲ್ಲಿ ಗುಮಾಸ್ತೆ. ಇನ್ನು ನೀವು ಧಾರಣೆ ಬರೆಯಬೇಕಿಲ್ಲ. ಆದರೆ ಬರೆಯುವುದನ್ನು ನಿಲ್ಲಿಸಬೇಡಿ.

ನಿಮ್ಮ ಉಮಾ


ಅನುಗೊಂಡನಹಳ್ಳಿ
1 ಡಿಸೆಂಬರ್ 1944

ಮಗಳೇ ಉಮಾ,

ಕೆಲಸ ಹೋದದ್ದನ್ನು ಬಚ್ಚಿಟ್ಟು ನಮ್ಮ ಮುಂದೆ ನಗುತ್ತಿದ್ದೆಯಲ್ಲ. ನಾನಾಗಿದ್ದರೆ ಅಡಿಟಿಪ್ಪಣಿಗೆ ಒಪ್ಪಿಬಿಡುತ್ತಿದ್ದೆನೇನೋ. ಅಷ್ಟು ದೂರದಲ್ಲಿ ಒಬ್ಬಳೇ ಇದ್ದು ನೀನು ಮಾಡಿದ್ದು ದೊಡ್ಡದು.

ಹೌದು ಅಂತ ಬರೆ ಅಂದೆ. ಬರೆದುಬಿಡೋಣ ಅಂತ ಕೂತೆ. ಇಬ್ಬರೂ ಮುಚ್ಚಿಟ್ಟು ಇಲ್ಲಿಗೆ ಬಂದಿದ್ದೇವೆ, ಆದ್ದರಿಂದ ಇದ್ದದ್ದನ್ನೇ ಬರೆಯುತ್ತೇನೆ. ಊಟ ಅಲ್ಲಿ ಆಗುತ್ತಿಲ್ಲ. ನಾನೇ ಬೇಯಿಸಿಕೊಳ್ಳುತ್ತೇನೆ.

ನಿನ್ನನ್ನು ಬಸ್ಸು ಹತ್ತಿಸಿ ಬಂದ ಸಂಜೆ ನಾನೂ ಎಲ್ಲ ಸರಿಹೋಯಿತು ಅಂದುಕೊಂಡು ಅವನ ಮನೆಗೆ ಹೋದೆ. ಬಾಗಿಲಲ್ಲೇ ಪಿಳ್ಳಪ್ಪ ಸಮಾಧಾನವಾಗಿ ಹೇಳಿದ: “ಆ ಮಗೀಗ್ ಗೊತ್ತಿರ್ಲಿಲ್ಲ, ಬುಟ್ಟಾಕ್ದೆ. ನಿಮಗ್ ಗೊತ್ತಿತ್ತಲ್ಲ ಮೇಷ್ಟ್ರೇ. ಗೊತ್ತಿದ್ದೂ ನಮ್ಮನೇಲೇ ಉಂಡ್ರಲ್ಲ.” ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಅವನು ಜಗಳವಾಡಲಿಲ್ಲ.

ಗೌರವ ಅಂದೆಯಲ್ಲ ಮಗಳೇ. ನಮ್ಮ ಕಡೆ ಜತೆಯಲ್ಲಿ ಬೆಳೆದವರು ಒಬ್ಬರಿಗೊಬ್ಬರು ಬನ್ನಿ ಹೋಗಿ ಅನ್ನುವುದಿಲ್ಲ. ಇಬ್ಬರೂ ಗೋಲಿ ಆಡುತ್ತಿದ್ದ ಕಾಲದಿಂದ ಅವನಿಗೆ ನಾನು ‘ಲೇ ರಾಮಾಂಜಿ’. ಮೇಷ್ಟ್ರ ಕೆಲಸ ಸಿಕ್ಕಿ ಊರೆಲ್ಲ ನನಗೆ ಕೈಮುಗಿದ ದಿನ ಅವನೊಬ್ಬ ‘ಏನ್ಲಾ’ ಅಂತ ಬೆನ್ನಿಗೆ ಗುದ್ದಿದ. ಅಕ್ಕಯಮ್ಮನನ್ನು ಮಣ್ಣು ಮಾಡಿ ಬಂದ ದಿನ, ‘ಏಳ್ಲಾ, ಉಣ್ಣೇಳು’ ಅಂತ ರಟ್ಟೆ ಹಿಡಿದು ಎಬ್ಬಿಸಿದ. ಅವನೊಬ್ಬನೇ ಹಾಗೆ ಕರೆಯುತ್ತಿದ್ದವನು. ಈಗ ಅವನೂ ಮೇಷ್ಟ್ರೇ ಅನ್ನುತ್ತಾನೆ.

ನೀನು ಇದಕ್ಕಾಗಿ ಮತ್ತೆ ಬರಬೇಡ. ಬಂದು ಸರಿಪಡಿಸುವಂಥದ್ದಲ್ಲ. ಕಾಗದ ಮಾತ್ರ ಬರೆ, ನಾನೂ ಬರೆಯುತ್ತೇನೆ.

ದಿನವೂ ಸಂಜೆ ಅವನ ಬಾಗಿಲ ಮುಂದೆಯೇ ಹಾದು ಹೋಗಬೇಕು. ಬನ್ನಿ ಮೇಷ್ಟ್ರೇ ಅನ್ನುತ್ತಾನೆ. ನಾನು ಹೋಗಿ ಜಗಲಿಯ ಮೇಲೆ ಕೂರುತ್ತೇನೆ. ಸೊಣ್ಣಮ್ಮ ಬೇರೆ ಊರಿಂದ ಬಂದವರಿಗೆ ಕೊಡುವ ಹಾಗೆ ಬೆಲ್ಲದ ಚೂರು, ಚೊಂಬಿನಲ್ಲಿ ನೀರು ತಂದಿಡುತ್ತಾಳೆ. ಕುಡಿದು, ಬರ್ತೀನಿ ಅಂತ ಹೇಳಿ ಎದ್ದು ಬರುತ್ತೇನೆ.

ರಾಮಾಂಜಿನಪ್ಪ